ಹೃದಯದ ಆಪರೇಷನ್ ಆದ ಮಗುವಿನ ಉಸಿರಿನ ಟ್ಯೂಬ್ ತೆಗೆಯುವಾಗ ನಾವು ನೋಡುವುದು

ವೆಂಟಿಲೇಟರ್ ಪರದೆಯಲ್ಲಿ ಎಲ್ಲ ಅಂಕಿಯೂ ಸರಿಯಿದ್ದು, ಟ್ಯೂಬ್ ತೆಗೆದ ಮೂರು ನಾಲ್ಕು ಗಂಟೆಯಲ್ಲಿ ಮಗು ಬೆವರಿ, ಪಕ್ಕೆ ಎಳೆದುಕೊಂಡು ಉಸಿರಾಡುತ್ತಾ ಸುಸ್ತಾಗುವುದುಂಟು. ಇಂಥ ಹೊತ್ತಿನಲ್ಲಿ ಎಲ್ಲರೂ ಶ್ವಾಸಕೋಶದ ಎಕ್ಸ್‌ರೇ ನೋಡುತ್ತಾ ನಿಲ್ಲುತ್ತಾರೆ. ನಾವು ಮೊದಲು ಎಕೋ (ಹೃದಯದ ಅಲ್ಟ್ರಾಸೌಂಡ್) ಯಂತ್ರ ತರಿಸುತ್ತೇವೆ. ವೆಂಟಿಲೇಟರ್ ಎದೆಯೊಳಗೆ ಒತ್ತುವ ಗಾಳಿ ಎಡ ಹೃತ್ಕುಕ್ಷಿಯ ಹೊರೆಯನ್ನೂ ಇಳಿಸಿರುತ್ತದೆ. ಮಗು ತಾನೇ ಉಸಿರೆಳೆದಾಗ ಎದೆಯೊಳಗಿನ ಒತ್ತಡ ಕುಸಿಯುತ್ತದೆ, ಕುಕ್ಷಿ ಹೆಚ್ಚು ಬಲ ಹಾಕಿ ರಕ್ತ ತಳ್ಳಬೇಕಾಗುತ್ತದೆ, ಮೇಲಾಗಿ ಹೃದಯಕ್ಕೆ ಮರಳುವ ರಕ್ತವೂ ಜಾಸ್ತಿ. ಬಲವಿಲ್ಲದ ಕುಕ್ಷಿ ಸೋಲುವುದು ಇಲ್ಲೇ.

ಎಎಸ್‌ಡಿ (ಹೃದಯದ ಮೇಲಿನ ಕೋಣೆಗಳ ನಡುವಿನ ಗೋಡೆಯ ರಂಧ್ರ), ಸರಳ ವಿಎಸ್‌ಡಿ (ಕೆಳಗಿನ ಕೋಣೆಗಳ ನಡುವಿನ ರಂಧ್ರ) ಮಕ್ಕಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವರ ಟ್ಯೂಬ್ ಆಪರೇಷನ್ ಟೇಬಲ್ ಮೇಲೋ, ಐಸಿಯುಗೆ ಬಂದ ಆರು ಗಂಟೆಯೊಳಗೋ ಹೊರಬರುತ್ತದೆ. ನಮಗೆ ತಲೆನೋವು ಆಪರೇಷನ್‌ಗೆ ತಡವಾಗಿ ಬಂದ ಮಕ್ಕಳದು: ವರ್ಷ ತುಂಬಿದರೂ ಆರೇ ಕೆ.ಜಿ. ತೂಕ, ದೊಡ್ಡ ವಿಎಸ್‌ಡಿ, ಹಿಂದೆ ಎರಡು ಮೂರು ಸಲ ನ್ಯುಮೋನಿಯಾ. ಅಂಥ 6 ಕೆ.ಜಿ. ಮಗುವನ್ನೇ ಲೆಕ್ಕಕ್ಕೆ ಹಿಡಿಯೋಣ.

ಪ್ರಯತ್ನಕ್ಕೆ ಮುಂಚೆ ರಕ್ತದ ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಾದಾಗ ಏರುವ ಅಂಶ) 2ಕ್ಕಿಂತ ಕಡಿಮೆ ಇರಬೇಕು, ಅದೂ ಇಳಿಮುಖವಾಗಿರಬೇಕು. ಹೃದಯಕ್ಕೆ ಬಲ ಕೊಡುವ ಅಡ್ರಿನಲಿನ್ ಕೆ.ಜಿ.ಗೆ ನಿಮಿಷಕ್ಕೆ 0.05 ಮೈಕ್ರೊಗ್ರಾಂ ದಾಟಿರಬಾರದು. ಹೃದಯಕ್ಕೆ ನೆರವಾಗುವ ಇನ್ನೊಂದು ಔಷಧಿ ಮಿಲ್ರಿನೋನ್ ಓಡುತ್ತಿದ್ದರೆ ಓಡಲಿ, ಅದನ್ನು ನಿಲ್ಲಿಸಿ ಟ್ಯೂಬ್ ತೆಗೆಯುವ ಅವಸರ ಬೇಡ. ಎದೆಯ ಡ್ರೈನ್‌ ನಳಿಕೆಯಲ್ಲಿ ರಕ್ತ ಬರುವುದು ನಿಂತಿರಬೇಕು, ಮೂತ್ರ ಗಂಟೆಗೆ 6 ಮಿ.ಲೀ.ಗೆ ಕಡಿಮೆಯಾಗಬಾರದು, ಹೃದಯದ ಬಡಿತದ ಲಯ ಸರಿಯಿರಬೇಕು. ಆಮ್ಲಜನಕ ಶೇ 40, ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) 5ರಲ್ಲಿ ರಕ್ತದ ಗ್ಯಾಸ್ ಪರೀಕ್ಷೆ ಚೆನ್ನಾಗಿರಬೇಕು. ಹಿಂದಿನ ರಾತ್ರಿಯೇ ಫ್ಯುರೊಸೆಮೈಡ್ ಕೊಟ್ಟು ಮೈಯ ನೀರು ಇಳಿಸಿರುತ್ತೇವೆ. ಕಣ್ಣುರೆಪ್ಪೆ ಊದಿಕೊಂಡಿರುವ ಮಗುವಿನ ಗಂಟಲೂ ಊದಿಕೊಂಡಿರುತ್ತದೆ. ಹಾಲನ್ನು ನಾಲ್ಕು ಗಂಟೆ ಮೊದಲೇ ನಿಲ್ಲಿಸಿ, ಮೂಗಿನ ನಳಿಕೆಯಿಂದ ಹೊಟ್ಟೆ ಖಾಲಿ ಮಾಡುತ್ತೇವೆ. ನೋವು ತಗ್ಗಿಸಿ ಮಂಪರು ತರುವ ಫೆಂಟನಿಲ್ ಇಳಿಸುತ್ತೇವೆ, ಮಂಪರಿನ ಇನ್ನೊಂದು ಔಷಧಿ ಡೆಕ್ಸ್‌ಮೆಡೆಟೊಮಿಡಿನ್ ಮುಂದುವರಿಸುತ್ತೇವೆ. ಅದು ಉಸಿರನ್ನು ಅಷ್ಟಾಗಿ ತಗ್ಗಿಸುವುದಿಲ್ಲ. ನೋವಿಗೆ ಪ್ಯಾರಾಸಿಟಮಾಲ್ 90 ಮಿ.ಗ್ರಾಂ, ಆರು ಗಂಟೆಗೊಮ್ಮೆ.

ಆಮೇಲೆ ಸ್ವಂತ ಉಸಿರಿನ ಪರೀಕ್ಷೆ. 3.5ರ ಸಣ್ಣ ಟ್ಯೂಬ್, ಅದರೊಳಗೆ ಉಸಿರೆಳೆಯುವುದೇ ಕಷ್ಟ ಎಂದು ಪ್ರೆಷರ್ ಸಪೋರ್ಟ್ (ಮಗುವಿನ ಪ್ರತಿ ಉಸಿರಿಗೆ ಯಂತ್ರ ಕೊಡುವ ಒತ್ತಡದ ಆಸರೆ) 10 ಇಟ್ಟು ಪರೀಕ್ಷಿಸುವ ರೂಢಿ ಇದೆ. ನಮಗೆ ಅದು ಒಗ್ಗಲಿಲ್ಲ, ಅಷ್ಟು ಆಸರೆ ಹೃದಯದ ದೌರ್ಬಲ್ಯವನ್ನು ಮುಚ್ಚಿಡುತ್ತದೆ. ಸಪೋರ್ಟ್ 5, ಪೀಪ್ 5 ಇಟ್ಟು ಒಂದು ಗಂಟೆ, ಕುಕ್ಷಿ ದುರ್ಬಲವಾಗಿದ್ದರೆ ಎರಡು ಗಂಟೆ ನೋಡುತ್ತೇವೆ. ಉಸಿರಿನ ಎಣಿಕೆಯ ಜೊತೆಗೆ ನಾಡಿ ಶೇ 20ರಷ್ಟು ಏರಿತೇ, ಪಾದ ತಣ್ಣಗಾಯಿತೇ, ಕೊನೆಗೆ ತೆಗೆದ ಗ್ಯಾಸ್‌ನಲ್ಲಿ ಲ್ಯಾಕ್ಟೇಟ್ ಮೇಲೆದ್ದಿತೇ ಎಂಬುದು ಮುಖ್ಯ. ಕುಕ್ಷಿ ದುರ್ಬಲವೆಂದು ಗೊತ್ತಿದ್ದರೆ ಟ್ಯೂಬ್ ತೆಗೆದ ಕ್ಷಣವೇ ಮೂಗಿಗೆ ಸಿಪ್ಯಾಪ್ (ಸತತವಾಗಿ ಒತ್ತಡದ ಗಾಳಿ ಕೊಡುವ ಸಾಧನ) 5 ಹಾಕುತ್ತೇವೆ. ಉಳಿದವರಿಗೆ ಮೂಗಿನಿಂದ ಜೋರಾಗಿ ಗಾಳಿ ಹರಿಸುವ ಹೈ ಫ್ಲೋ, ಕೆ.ಜಿ.ಗೆ 2 ಲೀಟರ್‌ನಂತೆ ನಿಮಿಷಕ್ಕೆ 12 ಲೀಟರ್.

ಗ್ಲೆನ್ (ದೇಹದ ಮೇಲ್ಭಾಗದ ರಕ್ತನಾಳವನ್ನು ನೇರ ಶ್ವಾಸಕೋಶದ ನಾಳಕ್ಕೆ ಜೋಡಿಸುವ ಆಪರೇಷನ್) ಆದ ಮಗುವಿಗೆ ಲೆಕ್ಕವೇ ಬೇರೆ. ತಲೆ, ಕೈಗಳ ರಕ್ತ ಪಂಪಿನ ನೆರವಿಲ್ಲದೆ ನೇರ ಶ್ವಾಸಕೋಶಕ್ಕೆ ಇಳಿಯಬೇಕು, ವೆಂಟಿಲೇಟರ್‌ನ ಒತ್ತಡ ಅದಕ್ಕೆ ಅಡ್ಡ. ಹಾಗಾಗಿ ಬೇಗ ತೆಗೆದಷ್ಟೂ ಒಳ್ಳೆಯದು. ತಲೆದೆಸೆ 30 ಡಿಗ್ರಿ ಎತ್ತರಿಸುತ್ತೇವೆ. ಸ್ಯಾಚುರೇಷನ್ (ರಕ್ತದ ಆಮ್ಲಜನಕದ ಶೇಕಡಾ ಮಟ್ಟ) 75ರಿಂದ 85 ಇದ್ದರೆ ಅದು ಆ ಮಗುವಿಗೆ ಸರಿಯೇ. ಹೊಸದಾಗಿ ಬಂದವರು 95ಕ್ಕೆ ತರಲು ಹೋಗಿ ಜೋರಾಗಿ ಉಸಿರು ಕೊಡುತ್ತಾರೆ. ಆಗ ಕಾರ್ಬನ್ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳ ಕಿರಿದಾಗುತ್ತದೆ, ಅಲ್ಲಿಂದ ಶ್ವಾಸಕೋಶಕ್ಕೆ ಬರಬೇಕಾದ ರಕ್ತ ಕಡಿಮೆಯಾಗಿ ಸ್ಯಾಚುರೇಷನ್ ಇನ್ನಷ್ಟು ಬೀಳುತ್ತದೆ. ಗ್ಲೆನ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ 45ರ ಆಸುಪಾಸು ಇದ್ದರೆ ಚಿಂತೆಯಿಲ್ಲ. ಶ್ವಾಸಕೋಶದ ರಕ್ತದೊತ್ತಡ ಹೆಚ್ಚಿರುವ ನಮ್ಮ ವಿಎಸ್‌ಡಿ ಮಗುವಿಗೆ ಮಾತ್ರ ಅದೇ ಕಾರ್ಬನ್ ಡೈಆಕ್ಸೈಡ್ ಏರಿದರೆ ವಿಷ. ಅವನಿಗೆ ಶ್ವಾಸಕೋಶದ ರಕ್ತನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಅನಿಲ ಓಡುತ್ತಿದ್ದರೆ ಮೊದಲು ಅದೇ ಕೆಲಸದ ಔಷಧಿ ಸಿಲ್ಡೆನಾಫಿಲ್ ಶುರುಮಾಡಿ, ಅನಿಲವನ್ನು 5 ಪಿಪಿಎಂವರೆಗೆ (ಹತ್ತು ಲಕ್ಷದಲ್ಲಿ ಐದು ಭಾಗ) ದೊಡ್ಡ ಹೆಜ್ಜೆಯಲ್ಲಿ, ಅಲ್ಲಿಂದ ಒಂದೊಂದಾಗಿ ಇಳಿಸುತ್ತೇವೆ. ಕೈಕೊಡುವುದು ಸಾಮಾನ್ಯವಾಗಿ ಆ ಕೊನೆಯ 1 ಪಿಪಿಎಂ.

ತೆಗೆಯುವ ದಿನ ಬೆಳಿಗ್ಗೆಯೇ ತೆಗೆಯುತ್ತೇವೆ, ನರ್ಸ್‌ಗಳ ಡ್ಯೂಟಿ ಬದಲಾಗುವ ಹೊತ್ತಿನಲ್ಲಂತೂ ಬೇಡವೇ ಬೇಡ. ಕಫ್‌ನ (ಟ್ಯೂಬ್ ಸುತ್ತಲಿನ ಪುಟ್ಟ ಗಾಳಿಚೀಲ) ಗಾಳಿ ತೆಗೆದು, ಕುತ್ತಿಗೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಒತ್ತಡ ಏರಿಸಿದರೆ 25 ಸೆಂ.ಮೀ. ನೀರಿನ ಒತ್ತಡದೊಳಗೆ ಗಾಳಿ ಸೋರುವ ಸದ್ದು ಕೇಳಬೇಕು. ಕೇಳದಿದ್ದರೆ ಊತ ಇಳಿಸುವ ಡೆಕ್ಸಮೆಥಸೋನ್ 3 ಮಿ.ಗ್ರಾಂ ಆರು ಗಂಟೆಗೊಮ್ಮೆ ಶುರುಮಾಡಿ, ಮರುದಿನ ತೆಗೆಯುತ್ತೇವೆ. ಆಗಲೂ ಸೋರದಿದ್ದರೆ ಅದೊಂದೇ ಕಾರಣಕ್ಕೆ ಟ್ಯೂಬನ್ನು ಒಳಗೇ ಉಳಿಸುವುದಿಲ್ಲ. ಡೌನ್ ಸಿಂಡ್ರೋಮ್ ಮಗುವಾದರೆ ಶ್ವಾಸನಾಳವೇ ಸಣ್ಣದು, ನಾಲಿಗೆ ದಪ್ಪ. ಅರ್ಧ ಸೈಜು ಚಿಕ್ಕ ಟ್ಯೂಬ್ ಹಾಸಿಗೆಯ ಪಕ್ಕದಲ್ಲೇ ಇರಬೇಕು. ಉಸಿರೆಳೆಯುವಾಗ ಕೊರ್ ಎಂಬ ಸದ್ದು ಬಂದರೆ 1:1000 ಅಡ್ರಿನಲಿನ್ 3 ಮಿ.ಲೀ. ನೆಬ್ಯುಲೈಸ್ ಮಾಡುತ್ತೇವೆ.

ವಪೆಯ ನರಕ್ಕೆ ಪೆಟ್ಟಾಗಿದ್ದರೆ ವೆಂಟಿಲೇಟರ್ ಮೇಲಿರುವವರೆಗೆ ಯಾವ ಸುಳಿವೂ ಸಿಗದು, ಗಾಳಿಯ ಒತ್ತಡ ಎರಡೂ ಕಡೆ ಸಮನಾಗಿ ತಳ್ಳುತ್ತಿರುತ್ತದೆ. ಮಗು ತಾನಾಗಿ ಉಸಿರೆಳೆಯುತ್ತಿರುವಾಗ ಅಲ್ಟ್ರಾಸೌಂಡ್ ಇಟ್ಟರೆ, ಒಂದು ಬದಿ ಕೆಳಗಿಳಿಯುವ ಬದಲು ಮೇಲಕ್ಕೇರುವುದು ಕಣ್ಣಿಗೇ ಕಾಣುತ್ತದೆ. ದೊಡ್ಡ ಮಗು ಹೇಗೋ ಸರಿದೂಗಿಸೀತು, ಆರು ತಿಂಗಳೊಳಗಿನ ಕೂಸಿನ ಕೈಲಾಗದು. ಎರಡನೇ ಸಲವೂ ಟ್ಯೂಬ್ ಹಾಕಬೇಕಾಗಿ ಬಂದರೆ ವಪೆಯನ್ನು ಮಡಿಸಿ ಹೊಲಿಯುವಂತೆ ಸರ್ಜನ್‌ಗೆ ಹೇಳುತ್ತೇವೆ.

ಟ್ಯೂಬ್ ಹೊರಬಂದ ಮೇಲಿನ ಮೊದಲ ಅಳು ಕಿವಿಗೊಟ್ಟು ಕೇಳಬೇಕು. ಮಹಾಪಧಮನಿಯ ಕಮಾನು ರಿಪೇರಿ ಅಥವಾ ಪಿಡಿಎ (ಹುಟ್ಟಿದ ಮೇಲೂ ಮುಚ್ಚದೆ ಉಳಿದ ರಕ್ತನಾಳ) ಕಟ್ಟಿದ ಮಗುವಿನಲ್ಲಿ ಧ್ವನಿತಂತುವಿನ ಎಡ ನರ ಸೋತಿರಬಹುದು. ಗಂಟಲ ಊತದಿಂದ ಬಂದ ಒರಟು ದನಿ ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ; ನರ ಸೋತದ್ದರಿಂದ ಬಂದದ್ದು ಆಗುವುದಿಲ್ಲ. ಬಾಯಿಂದ ಹಾಲು ಕೊಟ್ಟರೆ ಶ್ವಾಸನಾಳಕ್ಕೆ ಜಾರುತ್ತದೆ. ಇಎನ್‌ಟಿಯವರು ಸ್ಕೋಪ್ ಹಾಕಿ ನೋಡುವವರೆಗೆ ಹಾಲು ಮೂಗಿನ ನಳಿಕೆಯಲ್ಲೇ.