ಲಾಂಗೆ ಬೆಟ್ಟಗಳಲ್ಲಿ ನೆಮ್ಮದಿಯ ಮೂರು ದಿನ

ಇಟಲಿಯ ಪೀಡ್‌ಮಾಂಟ್ ಪ್ರಾಂತ್ಯದ ಲಾಂಗೆ ಬೆಟ್ಟಗಳ ದ್ರಾಕ್ಷಿತೋಟಗಳನ್ನು 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಗೆ ಹೋದವರಲ್ಲಿ ಹಲವರು ದಣಿದು ಮರಳುವುದನ್ನು ನೋಡಿದ್ದೇನೆ. ದಿನಕ್ಕೆ ನಾಲ್ಕು ವೈನರಿ ಸುತ್ತುವುದೇ ಅದಕ್ಕೆ ಕಾರಣ.

ಮೊದಲು ಕಾಲ ಗೊತ್ತುಮಾಡಿಕೊಳ್ಳಿ. ಅಕ್ಟೋಬರ್, ನವೆಂಬರ್‌ನ ವಾರಾಂತ್ಯಗಳು ಬೇಡ. ಆಲ್ಬಾ ಪಟ್ಟಣದಲ್ಲಿ ಆಗ ಬಿಳಿ ಟ್ರಫಲ್ (ಮಣ್ಣಿನಡಿ ಬೆಳೆಯುವ ಘಮಘಮಿಸುವ ಅಣಬೆ) ಮೇಳದ ಜನಜಂಗುಳಿ ಇರುತ್ತದೆ. ಮೇ ತಿಂಗಳ ವಾರದ ದಿನಗಳೇ ಸರಿ.

ಟುರಿನ್‌ನಿಂದ ಆಲ್ಬಾಕ್ಕೆ ರೈಲು, ಮುಂದೆ ಕಾರು. ವಾಸ್ತವ್ಯ ಗುಡ್ಡದ ನೆತ್ತಿಯ ಲಾ ಮೋರಾದಲ್ಲಿ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ದಿನಕ್ಕೆ ಒಂದೇ ವೈನರಿ, ಅದೂ ಬೆಳಿಗ್ಗೆ ಹತ್ತೂವರೆಗೆ, ಮುಂಗಡವಾಗಿ ತಿಳಿಸಿಯೇ ಹೋಗಿ. ಚಿಕ್ಕ ವೈನರಿಗಳಲ್ಲಿ ತೋಟದ ಕೆಲಸ ಮಾಡುವವರೇ ಎಷ್ಟೋ ಸಲ ನಿಮಗೆ ವೈನ್ ಸುರಿದುಕೊಡುತ್ತಾರೆ. ಹೇಳದೆ ಬಂದರೆ ಅವರ ಕೆಲಸ ಕೆಡುತ್ತದೆ. ಬರಿಹೊಟ್ಟೆಯಲ್ಲಿ ಹೋಗಬೇಡಿ. ಇಲ್ಲಿನ ಕೆಂಪು ವೈನ್‌ಗಳ ರುಚಿ ನೋಡುವಾಗ ಮೊದಲು ಡಾಲ್ಚೆಟ್ಟೊ, ಆಮೇಲೆ ಹುಳಿ ಮುಂದಾದ ಬಾರ್ಬೆರಾ, ಕೊನೆಗೆ ಬರೋಲೊ. ಈ ಕ್ರಮ ತಪ್ಪಿದರೆ ಬರೋಲೊದ ಒಗರು ನಾಲಿಗೆಗೆ ಅಂಟಿಕೊಂಡು ಉಳಿದವೆಲ್ಲ ನೀರಾಗಿ ತೋರುತ್ತವೆ. ಬರೋಲೊ ತಯಾರಾಗುವ ನೆಬ್ಬಿಯೋಲೊ ದ್ರಾಕ್ಷಿಯ ಈ ಒಗರನ್ನು ಪಳಗಿಸಲೆಂದೇ ಬರೋಲೊವನ್ನು ಕನಿಷ್ಠ 38 ತಿಂಗಳು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ, ಮಾಗಿಸುತ್ತಾರೆ. ಒಂದು ಗುಟುಕನ್ನು ಬಾಯಲ್ಲಿ ಹೊರಳಾಡಿಸಿ, ಮೇಜಿನ ಮೇಲಿನ ಪಾತ್ರೆಗೆ ಉಗುಳಿ. ಅದು ಅಗೌರವವಲ್ಲ, ವೈನ್ ಮಾಡುವವರೂ ಹಾಗೆಯೇ ರುಚಿ ನೋಡುತ್ತಾರೆ. ಕಾರು ಓಡಿಸುವವರಂತೂ ಉಗುಳಲೇಬೇಕು.

ಊಟಕ್ಕೆ ಹನ್ನೆರಡೂವರೆಗೆ ಕುಳಿತುಬಿಡಿ, ಎರಡರ ಹೊತ್ತಿಗೆ ಅನೇಕ ಅಡುಗೆಮನೆಗಳು ಮುಚ್ಚುತ್ತವೆ. ತಯಾರಿನ್ ಎಂಬ ಕೂದಲೆಳೆಯ ಪಾಸ್ತಾವನ್ನು ಬರೀ ಬೆಣ್ಣೆ, ಸೇಜ್ ಎಲೆಯೊಂದಿಗೆ ಕೇಳಿ. ಹಿಟ್ಟಿಗೆ ಕಲಸಿದ ಮೊಟ್ಟೆಯ ಹಳದಿಯ ರುಚಿ ಹಾಗೆಯೇ ತಿಳಿಯುವುದು. ಮಾಂಸ ತಿನ್ನದವರು ಆನ್ಯೊಲೊಟ್ಟಿ ಎಂಬ ಹೂರಣ ತುಂಬಿದ ಪಾಸ್ತಾದಲ್ಲಿ ಏನಿದೆಯೆಂದು ವಿಚಾರಿಸಲು ಮರೆಯಬಾರದು, ಅದರಲ್ಲಿ ಸಾಮಾನ್ಯವಾಗಿ ಮಾಂಸವಿರುತ್ತದೆ.

ಅಂಗಡಿಗಳ ಟ್ರಫಲ್ ಎಣ್ಣೆಯನ್ನು ಮುಟ್ಟಬೇಡಿ. ಬಹುಪಾಲು ಬಾಟಲಿಗಳಲ್ಲಿರುವುದು ಕೃತಕ ವಾಸನೆ, ಒಂದು ಹನಿಗೇ ಊಟ ಕೆಡುತ್ತದೆ. ಆ ಹಣಕ್ಕೆ ಇಲ್ಲಿನ ಹುರಿದ ಹೇಸಲ್‌ನಟ್ ಕೊಳ್ಳಿ.

ಮಧ್ಯಾಹ್ನಕ್ಕೆ ಯಾವ ಕಾರ್ಯಕ್ರಮವೂ ಬೇಡ. ಕಾರು ಬಿಟ್ಟು, ಲಾ ಮೋರಾದಿಂದ ತೋಟಗಳ ನಡುವಿನ ದಾರಿಯಲ್ಲಿ ಬರೋಲೊ ಊರಿನತ್ತ ಇಳಿಯಿರಿ. ಮಳೆ ಬಂದ ಮರುದಿನ ಇಲ್ಲಿನ ಜೇಡಿಮಣ್ಣು ಬೂಟಿಗೆ ಮೆತ್ತಿಕೊಳ್ಳುತ್ತದೆ, ಹಳೆಯ ಜೋಡಿಯನ್ನೇ ಹಾಕಿಕೊಳ್ಳಿ. ರಾತ್ರಿಗೆ ಬ್ರೆಡ್ಡು, ಮುರಾತ್ಸಾನೊ ಎಂಬ ಕುರಿಹಾಲಿನ ಚೀಸ್ ಸಾಕು.