ಮೊದಲು ಗಡಿ, ಆಮೇಲೆ ಎಸ್ಟಿಮೇಟ್: ಗುಡಿ ಪಕ್ಕದ ಸರ್ಕಾರಿ ಕಾಮಗಾರಿ, ನನ್ನ ಅನುಭವ

ಕೇಂದ್ರ ಪುರಾತತ್ವ ಇಲಾಖೆಯ ಗುಡಿ ಇರುವ ಊರಲ್ಲಿ ಸರ್ಕಾರಿ ಕಟ್ಟಡಕ್ಕೆ ಎನ್‌ಒಸಿ ಸಿಗೋದೇ ಇಲ್ಲ, ಆ ಟೆಂಡರಿಗೆ ಕೈ ಹಾಕಬೇಡಿ ಅಂತ ನಮ್ಮ ಕಡೆಯ ಕಂಟ್ರಾಕ್ಟರುಗಳು ಹೇಳುತ್ತಲೇ ಇದ್ದರು. ಹಾಸನ ಜಿಲ್ಲೆಯ ಅಂಥದ್ದೇ ಒಂದು ಊರಲ್ಲಿ ಈಗ ಸಮುದಾಯ ಭವನ ಎದ್ದಿದೆ, ಮದುವೆಗಳೂ ನಡೆಯುತ್ತಿವೆ. ಅಳತೆಯಿಂದ ಅರ್ಜಿಯವರೆಗೆ ಎಲ್ಲ ಮಾಡಿಸಿದವನು ನಾನು.

ಇದೇ ಭವನಕ್ಕೆ ಹಿಂದೆ ಒಮ್ಮೆ ಪಾಯ ಬಿದ್ದಿತ್ತು. ಆಗಿನ ಏಜೆನ್ಸಿಯವರು ಗುಡಿಯ ಗೋಡೆಯಿಂದ ಟೇಪು ಹಿಡಿದು, ನೂರು ಮೀಟರ್ ದಾಟಿದೆ ಅಂತ ಕಾಲಂ ಎಬ್ಬಿಸಿದ್ದರು. ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯ್ದೆ ಲೆಕ್ಕ ಹಾಕುವುದು ಗೋಡೆಯಿಂದಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಅಧಿಸೂಚನೆಯ ಸರ್ವೆ ನಂಬರಿನಲ್ಲಿ ಗುಡಿಯ ಮುಂದಿನ ಕಲ್ಯಾಣಿಯೂ ಸೇರಿತ್ತು. ಅಲ್ಲಿಂದ ಅಳೆದರೆ ಪಾಯ ಎಪ್ಪತ್ತು ಮೀಟರಿನ ಒಳಗೇ. 2010ರ ತಿದ್ದುಪಡಿ ಆದಮೇಲೆ ಆ ನೂರು ಮೀಟರಿನಲ್ಲಿ ಹೊಸ ಕಟ್ಟಡಕ್ಕೆ, ಸಾರ್ವಜನಿಕ ಕಾಮಗಾರಿ ಅಂದರೂ, ಯಾರೂ ಅನುಮತಿ ಕೊಡುವ ಹಾಗಿಲ್ಲ. ಕೆಲಸ ನಿಲ್ಲಿಸಿ ಅಂತ ನೋಟಿಸ್ ಬಂತು. ಏಳೆಂಟು ಲಕ್ಷ ಮಣ್ಣಲ್ಲಿ ಹೋಯಿತು, ಕಂಬಿಗಳು ತುಕ್ಕು ಹಿಡಿದು ನಿಂತವು. ಜನರ ದುಡ್ಡು ಹಾಗೆ ಹಾಳಾದದ್ದು ನೋಡಿದರೆ ಹೊಟ್ಟೆ ಉರಿಯುತ್ತೆ.

ಎಸ್ಟಿಮೇಟಿಗೆ ಮುಂಚೆ ಗಡಿ ಗುರುತಿಸಬೇಕು ಅಂದಾಗ ಎಲ್ಲರೂ ಬೇಡ ಅಂದರು. ಅದಕ್ಕೆ ಎಸ್ಟಿಮೇಟಿನಲ್ಲಿ ಐಟಂ ಇಲ್ಲ, ಬಿಲ್ ಆಗಲ್ಲ ಅನ್ನೋದು ಅವರ ವಾದ. ನಾನು ಕೈಯಿಂದಲೇ ಸುಮಾರು ನಲವತ್ತು ಸಾವಿರ ಹಾಕಿದೆ. ಅಧಿಸೂಚನೆ ಪ್ರತಿ, ಗ್ರಾಮ ನಕ್ಷೆ, ಸರ್ವೆ ಕಚೇರಿಯಿಂದ ಟಿಪ್ಪಣಿ, ಆಕಾರಬಂದ್ ಅನ್ನೋ ಜಮೀನಿನ ಅಳತೆ ದಾಖಲೆ ತೆಗೆಸಿದೆ. ಟೋಟಲ್ ಸ್ಟೇಷನ್ ಅನ್ನೋ ಅಳತೆ ಯಂತ್ರ ಇಟ್ಟರೂ ಒಂದು ಮೂಲೆ ಕೂಡಲೇ ಇಲ್ಲ. ಕೊನೆಗೆ ಊರಿನ ಯಜಮಾನರೊಬ್ಬರು, "ಸ್ವಾಮಿ, ಆ ಬಾಂದು ಕಲ್ಲು ನಮ್ ತಿಪ್ಪೆ ಕೆಳಗೈತೆ" ಅಂದರು. ಗೊಬ್ಬರ ಸರಿಸಿದರೆ ಮೊಣಕಾಲುದ್ದದ ಕಲ್ಲು, ತಲೆ ಮೇಲೆ ಕತ್ತರಿ ಗುರುತು. ಪುರಾತತ್ವದ ಕನ್ಸರ್ವೇಷನ್ ಅಸಿಸ್ಟೆಂಟ್, ಪಿಡಿಒ ಇಬ್ಬರನ್ನೂ ಅಲ್ಲೇ ನಿಲ್ಲಿಸಿಕೊಂಡು ಮಹಜರಿಗೆ ಸಹಿ ಹಾಕಿಸಿದೆ. ನೂರು ಮೀಟರಿನ ಗೆರೆ, ಅದರಾಚೆ ಇನ್ನೂರು ಮೀಟರಿನ ಗೆರೆ ಎರಡನ್ನೂ ಬೀದಿಯಲ್ಲಿ ಸುಣ್ಣದಿಂದ ಎಳೆಸಿದೆ. ಮನೆ ಕಟ್ಟಬೇಕೆಂದಿದ್ದವರೂ ಬಂದು ನೋಡಿಕೊಂಡು ಹೋದರು. ಭವನವನ್ನು ನೂರನಲವತ್ತರ ಸುಮಾರಿಗೆ, ಪಂಚಾಯಿತಿಯ ಬೇರೆ ಜಾಗಕ್ಕೆ ಸರಿಸಿದೆವು.

ಈ ಎರಡು ಗೆರೆಗಳ ನಡುವಿನ ನಿಯಂತ್ರಿತ ವಲಯದಲ್ಲಿ ಗುಡಿಯ ನೋಟಕ್ಕೆ ಧಕ್ಕೆ ಆಗುತ್ತೋ ಇಲ್ಲವೋ ಅನ್ನೋದೇ ಮುಖ್ಯ ಪ್ರಶ್ನೆ. ಕಂಪ್ಯೂಟರ್ ಚಿತ್ರದ ಮೇಲೆ ನನಗೆ ನಂಬಿಕೆ ಇಲ್ಲ. ಜಾತ್ರೆಯಲ್ಲಿ ಮಾರುವ ಗ್ಯಾಸ್ ಬಲೂನಿಗೆ ಚಾವಣಿಯ ಎತ್ತರದಷ್ಟು ದಾರ ಕಟ್ಟಿ ಬಿಟ್ಟೆ, ಗಾಳಿಗೆ ವಾಲಿ ಹೋಯಿತು. ಆಮೇಲೆ ನಾಲ್ಕು ಮೂಲೆಗೆ ಬಿದಿರಿನ ಗಳ ನೆಟ್ಟು, ತುದಿಗೆ ಕೆಂಪು ಬಟ್ಟೆ ಕಟ್ಟಿ, ಗುಡಿಯ ಜಗತಿ (ಗುಡಿ ನಿಂತಿರುವ ಎತ್ತರದ ಕಟ್ಟೆ) ಮೇಲೆ ನಿಂತು ಫೋಟೋ ತೆಗೆದೆ. ಎರಡು ಅಂತಸ್ತಾದರೆ ತೆಂಗಿನ ತೋಟದ ಮೇಲೆ ಬಟ್ಟೆ ಕಾಣುತ್ತಿತ್ತು, ಒಂದಾದರೆ ಇಲ್ಲ. ಒಂದೇ ಅಂತಸ್ತು ಅಂತ ಅಲ್ಲೇ ತೀರ್ಮಾನ ಮಾಡಿದೆ. ಆ ಫೋಟೋಗಳನ್ನು ಯಾವ ನಕ್ಷೆಯ ಜೊತೆ ಹೇಗೆ ಜೋಡಿಸಿ ಕಳಿಸಿದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಅರ್ಜಿ ಅನುಮತಿ ಕೊಡುವ ಸಕ್ಷಮ ಪ್ರಾಧಿಕಾರಕ್ಕೆ ಹೋಗಿ, ಅಲ್ಲಿಂದ 15 ದಿನದಲ್ಲಿ ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗಬೇಕು. ಪ್ರಾಧಿಕಾರಕ್ಕೆ ಎರಡು ತಿಂಗಳು, ವಾಪಸ್ ಬಂದಮೇಲೆ ಇನ್ನೊಂದು ತಿಂಗಳು. ನಮಗೆ ಒಟ್ಟು ಐದು ತಿಂಗಳ ಹತ್ತಿರ ಹಿಡಿಯಿತು. ಒಂದು ಆಕ್ಷೇಪಣೆಯೂ ಬರಲಿಲ್ಲ.

ಅದೇ ಹೊತ್ತಿಗೆ ಕುಡಿಯುವ ನೀರಿನ ಪೈಪೂ ಬಂತು. ಸಾರ್ವಜನಿಕ ನೀರು, ಚರಂಡಿ, ವಿದ್ಯುತ್ ಕೆಲಸಗಳು ಕಾಯ್ದೆಯ 'ನಿರ್ಮಾಣ' ವ್ಯಾಖ್ಯೆಯಲ್ಲಿ ಬರುವುದಿಲ್ಲ, ಇದು ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಹಾಗಂತ ಜೆಸಿಬಿ ನುಗ್ಗಿಸಲು ನಾನು ಬಿಡಲಿಲ್ಲ. ಗೆರೆಯ ಒಳಗೆ ಪೂರ್ತಿ ಹಾರೆ, ಗುದ್ದಲಿ. ಖರ್ಚು ಹೆಚ್ಚುಕಮ್ಮಿ ದುಪ್ಪಟ್ಟು. ಎರಡಡಿ ಆಳದಲ್ಲಿ ವೀರಗಲ್ಲಿನ ಅಂಚು ಸಿಕ್ಕಿತು, ಕುದುರೆಯ ಕಾಲು ಸ್ಪಷ್ಟವಾಗಿ ಕಾಣುತ್ತಿತ್ತು. ಜೆಸಿಬಿ ಬಕೆಟ್ ಆಗಿದ್ದರೆ ಕಲ್ಲು ಎರಡು ಹೋಳು. ಕೆಲಸ ನಿಲ್ಲಿಸಿ ಇಲಾಖೆಗೂ ತಹಶೀಲ್ದಾರರಿಗೂ ತಿಳಿಸಿದೆವು, ಪೈಪನ್ನು ಮೂರಡಿ ಪಕ್ಕಕ್ಕೆ ಹಾಕಿದೆವು.

ಇಷ್ಟಾದಮೇಲೆ, ಬೇಡ ಅಂದಿದ್ದವರೇ ಫೋನ್ ಮಾಡುತ್ತಿದ್ದಾರೆ. ಪಕ್ಕದ ತಾಲ್ಲೂಕಿನ ಬಸ್ ನಿಲ್ದಾಣದ ಕೆಲಸ ಒಪ್ಪಿಕೊಂಡಿದ್ದೇನೆ. ಅಲ್ಲಿಯ ಗುಡಿ ರಾಜ್ಯ ಇಲಾಖೆಯದು, 1961ರ ನಮ್ಮ ರಾಜ್ಯದ ಕಾಯ್ದೆ ನೋಡಬೇಕು. ಟಿಪ್ಪಣಿ ನಕಲಿಗೆ ಆಗಲೇ ಅರ್ಜಿ ಹಾಕಿದ್ದೇನೆ. ಗಡಿ ಗುರುತಿಸುವ ಖರ್ಚನ್ನು ಈ ಸಲ ಎಸ್ಟಿಮೇಟಿನಲ್ಲೇ ಸೇರಿಸುತ್ತೇನೆ ಅಂತ ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಸಾಹೇಬರು ಒಪ್ಪಿದ್ದಾರೆ.