ಕುದಿಸಿದರೂ ಹೋಗದ ವಿಷ

ನಲ್ಲಿ ನೀರಿನ ಮಾತೆತ್ತಿದರೆ "ನಾವು ಕುದಿಸಿ ಆರಿಸಿಯೇ ಕುಡಿಯುತ್ತೇವೆ" ಎನ್ನುವವರೇ ಹೆಚ್ಚು. ಒಳ್ಳೆಯ ರೂಢಿ, ಬಿಡಬೇಡಿ. ಸಣ್ಣ ಊರುಗಳಲ್ಲಿ ನೀರು ಬಿಡುವುದನ್ನು ನಿಲ್ಲಿಸಿದಾಗ ಕೊಳವೆಯ ಒತ್ತಡ ಇಳಿಯುತ್ತದೆ. ಬಿರುಕುಗಳಿದ್ದರೆ ಸುತ್ತಲಿನ ಕೊಳಚೆ ಒಳಗೆ ನುಸುಳುತ್ತದೆ. ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ಹೀಗೂ ಮನೆಗೆ ಬರುತ್ತವೆ. ನೀರು ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಹಾಗೆಯೇ ಬಿಟ್ಟರೆ ಆ ರೋಗಾಣುಗಳು ಸಾಯುತ್ತವೆ. ಆರುವಾಗ ಮುಚ್ಚಿಡಿ, ಪಾತ್ರೆಯೊಳಗೆ ಕೈ ಅದ್ದಬೇಡಿ.

ಆದರೆ ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್, ಸೀಸ ಬೆಂಕಿಗೆ ಜಗ್ಗುವುದಿಲ್ಲ. ಬಹಳ ಹೊತ್ತು ಕುದಿಸಿದರೆ ನೀರು ಆವಿಯಾಗಿ, ಉಳಿದದ್ದರಲ್ಲಿ ಅವುಗಳ ಪ್ರಮಾಣ ಇನ್ನೂ ಹೆಚ್ಚುತ್ತದೆ. ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ. ಹೊಲದ ಗೊಬ್ಬರದಿಂದ, ಶೌಚಗುಂಡಿಯಿಂದ ಇಳಿದು ಬರುವ ನೈಟ್ರೇಟ್ ಲೀಟರಿಗೆ 50 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆರು ತಿಂಗಳೊಳಗಿನ ಕೂಸಿಗೆ ಅಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳಬಹುದು. ತುಟಿ, ಉಗುರು ನೀಲಿಗಟ್ಟಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಫ್ಲೋರೈಡ್‌ನ ಮಿತಿ 1.5 ಮಿಲಿಗ್ರಾಂ, ಅದು ಮೀರಿದಲ್ಲಿ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಕಲೆ ಮೂಡುತ್ತವೆ, ಇನ್ನೂ ಹೆಚ್ಚಾದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ.

ನನಗೆ ಎಲ್ಲಕ್ಕಿಂತ ಕಳವಳ ಸೀಸದ್ದು. ಅದು ಸಾಮಾನ್ಯವಾಗಿ ಬರುವುದು ಕೆರೆಯಿಂದಲೋ ಕೊಳವೆಬಾವಿಯಿಂದಲೋ ಅಲ್ಲ. ಹಳೆಯ ಕೊಳವೆ, ಬೆಸುಗೆ, ಹಿತ್ತಾಳೆಯ ನಲ್ಲಿಗಳಿಂದ. ಎಳೆಯ ಮಕ್ಕಳ ಮಿದುಳಿಗೆ ಅದು ಮಾಡುವ ಹಾನಿಯನ್ನು ಮತ್ತೆ ಸರಿಪಡಿಸಲಾಗದು. ರಾತ್ರಿಯಿಡೀ ಕೊಳವೆಯಲ್ಲಿ ನಿಂತ ನೀರಿನಲ್ಲಿ ಅದು ಹೆಚ್ಚು ಕರಗಿರುತ್ತದೆ. ಆದ್ದರಿಂದ ಬೆಳಿಗ್ಗೆ ನಲ್ಲಿ ತಿರುಗಿಸಿ, ನೀರು ಕೈಗೆ ತಣ್ಣಗೆ ತಾಗುವವರೆಗೆ ಬೇರೆ ಬಕೆಟ್ಟಿಗೆ ಬಿಡಿ. ನೆಲ ಒರೆಸಲು ಆಯಿತು. ಅಡುಗೆಗೆ ಬಿಸಿನೀರಿನ ನಲ್ಲಿಯಿಂದ ಹಿಡಿಯಲೇಬೇಡಿ, ಬಿಸಿನೀರು ಲೋಹವನ್ನು ಬೇಗ ಕರಗಿಸುತ್ತದೆ. ನಲ್ಲಿಯ ಬಾಯಲ್ಲಿರುವ ಜಾಲರಿಯನ್ನು ಆಗಾಗ ಬಿಚ್ಚಿ ತೊಳೆಯಿರಿ. ಅಲ್ಲಿ ಸಿಕ್ಕಿಕೊಂಡ ಮರಳಿನಂಥ ಚೂರುಗಳಲ್ಲಿ ಸೀಸವೂ ಇರಬಹುದು.

ಫಿಲ್ಟರ್ ಕೊಳ್ಳುವ ಮೊದಲು ನೀರನ್ನು ಪ್ರಯೋಗಾಲಯಕ್ಕೆ ಕೊಡಿ. ಬರೀ ಇದ್ದಿಲಿನ ಫಿಲ್ಟರ್ ಕ್ಲೋರಿನ್ ವಾಸನೆ ತೆಗೆಯುತ್ತದೆ, ನೈಟ್ರೇಟನ್ನು ತಡೆಯುವುದಿಲ್ಲ. ಅದಕ್ಕೆ ನೀರನ್ನು ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ಹಾಯಿಸುವ ಆರ್‌ಒ ಯಂತ್ರ ಬೇಕು. ಮಾರುವವರು ಅದ್ದಿ ತೋರಿಸುವ ಟಿಡಿಎಸ್ ಮೀಟರನ್ನು ನಂಬಿ ಕೂರಬೇಡಿ, ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜನ್ನಷ್ಟೇ ಕೊಡುವ ಅದು ರೋಗಾಣುವನ್ನೂ ತೋರಿಸುವುದಿಲ್ಲ, ಸೀಸ ಇದೆಯೋ ಇಲ್ಲವೋ ಎಂದೂ ಹೇಳುವುದಿಲ್ಲ. ಸೀಸದ ಪರೀಕ್ಷೆಗಾದರೆ ಬೆಳಗಿನ ಮೊದಲ ನೀರನ್ನೇ, ಚೆಲ್ಲದೆ, ಪ್ರಯೋಗಾಲಯದವರು ಕೊಟ್ಟ ಬಾಟಲಿಗೆ ಹಿಡಿಯಿರಿ.